ಕಾರಿಗೆ ರೆಕ್ಕೆ ಕಟ್ಟೋಕೆ ಇಷ್ಟು ದಿನ ಬೇಕಾ?

ಹೊಸೂರಿನ ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಹಾರುವ ಕಾರೊಂದರ ಚೌಕಟ್ಟು ನಿಂತಿದೆ. ಬಂದವರೆಲ್ಲ ಕೇಳುವುದು ಒಂದೇ: "ಏನಣ್ಣ, ಎಂಜಿನ್ ಇದೆ, ಚಕ್ರ ಇದೆ. ರೆಕ್ಕೆ ಕಟ್ಟಿದ್ರೆ ಆಯ್ತಲ್ವಾ?"

ಕಟ್ಟಬಹುದು. ಆದರೆ ಕಟ್ಟಿದ್ದನ್ನು ಮಡಚಬೇಕಲ್ಲ, ನಮ್ಮ ದಿನಗಳೆಲ್ಲ ಹೋಗಿದ್ದು ಅಲ್ಲೇ.

ಸುಮ್ನೆ ಒಂದು ಲೆಕ್ಕ ಹಾಕೋಣ. ಜನ, ಪೆಟ್ರೋಲು ಎಲ್ಲ ಸೇರಿ ತೂಕ 600 ಕೆಜಿ ಅಂತಿಟ್ಟುಕೊಳ್ಳಿ. ಸಣ್ಣ ವಿಮಾನದ ರೆಕ್ಕೆ ಒಟ್ಟು ತೂಕದ 3.8 ಪಟ್ಟು ತಡೆಯಬೇಕು ಅನ್ನುವುದು ರೂಢಿಯಲ್ಲಿರುವ ಅಳತೆ. ಅಂದರೆ ಒಂದೊಂದು ರೆಕ್ಕೆಗೆ 1,140 ಕೆಜಿ. ಆ ಬಲ ಬುಡದಿಂದ ಎರಡು ಮೀಟರ್ ಆಚೆ ಮೇಲಕ್ಕೆ ಎತ್ತುತ್ತದೆ. ಬುಡದಲ್ಲಿ ಮೇಲೊಂದು, ಕೆಳಗೊಂದು ಪಿನ್ನು, ನಡುವೆ 20 ಸೆಂಟಿಮೀಟರ್ ಜಾಗ. ಆಗ ಒಂದೊಂದು ಪಿನ್ನಿಗೂ 11 ಟನ್ನಿಗಿಂತ ಜಾಸ್ತಿ ಬಲ ಬೀಳುತ್ತದೆ. ಸುರಕ್ಷತೆಗೆ ಅದರ ಒಂದೂವರೆ ಪಟ್ಟು ಹಿಡಿದರೆ 17 ಟನ್!

ಮಾಮೂಲಿ ವಿಮಾನದಲ್ಲಿ ರೆಕ್ಕೆಯನ್ನು ಒಮ್ಮೆ ಬಿಗಿದರೆ ಮುಗೀತು. ಇಲ್ಲಿ ದಿನಾ ಮಡಚಬೇಕು, ಬಿಚ್ಚಬೇಕು. ಪಿನ್ನು ಕೂರುವ ಬುಷ್ (ಲೋಹದ ಬಳೆ) ಸವೆಯುತ್ತದೆ. ಅಲ್ಲಿ ಅರ್ಧ ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಬಂದರೆ ಸಾಕು, ನಾಲ್ಕೂವರೆ ಮೀಟರ್ ರೆಕ್ಕೆಯ ತುದಿ 11 ಮಿಲಿಮೀಟರ್ ಅಲ್ಲಾಡುತ್ತದೆ. ದಪ್ಪ ಪಿನ್ನು ಹಾಕಿ ಅಂತೀರಾ? ತೂಕ ಏರುತ್ತದೆ, ಲೆಕ್ಕ ಮತ್ತೆ ಮೊದಲಿಂದ.

ಚಕ್ರದ್ದು ಇನ್ನೊಂದು ತಕರಾರು. ಕಾರಿಗೆ ನಾಲ್ಕು ಮೂಲೆಯಲ್ಲೂ ಚಕ್ರ ಇದ್ದರೆ ಒಳ್ಳೆಯದು, ತಿರುವಿನಲ್ಲಿ ಮಗುಚುವುದಿಲ್ಲ. ವಿಮಾನ ಏಳುವಾಗ ಮೂತಿ ಎತ್ತಬೇಕು. ಅದಕ್ಕೆ ಹಿಂಚಕ್ರಗಳು ಇಡೀ ತೂಕ ಸಮವಾಗಿ ನಿಲ್ಲುವ ಜಾಗಕ್ಕಿಂತ ಸ್ವಲ್ಪವೇ ಹಿಂದೆ ಇರಬೇಕು. ತೀರಾ ಹಿಂದಿಟ್ಟರೆ ಮೂತಿ ಏಳುವುದೇ ಇಲ್ಲ. ಹೊಸೂರಿನಲ್ಲಿ ಗಾಡಿ ಬಿಡಿಭಾಗ ಮಾಡುವವರು ಬೇಕಾದಷ್ಟು. ಬೆಳಗೊಂಡಪಲ್ಲಿಯಲ್ಲಿ ಏರ್‌ಸ್ಟ್ರಿಪ್ಪೂ ಇದೆ, ಅಲ್ಲಿ ಹಿಂದೆ ಇಟಲಿಯ ವಿನ್ಯಾಸದ ಪಿ68ಸಿ ವಿಮಾನ ಜೋಡಿಸುತ್ತಿದ್ದರು. ಹಾಗಾಗಿ ಸಲಹೆಗೆ ಬರವಿಲ್ಲ. ಗಾಡಿಯವರು ಒಂದು ಹೇಳುತ್ತಾರೆ, ವಿಮಾನದವರು ತದ್ವಿರುದ್ಧ ಹೇಳುತ್ತಾರೆ. ಇಬ್ಬರು ಹೇಳುವುದೂ ಸರಿ, ಅದೇ ತಲೆನೋವು.

ವೆಲ್ಡಿಂಗ್ ಹುಡುಗರಿಗೂ ಬೇಜಾರು. ಗಟ್ಟಿ ಅಲ್ಯೂಮಿನಿಯಂ ತಗಡಿಗೆ ವೆಲ್ಡ್ ಹಾಕಿದರೆ ಸುತ್ತಲಿನ ಜಾಗ ಮೆತ್ತಗಾಗುತ್ತದೆ. ಅದಕ್ಕೇ ಎಲ್ಲ ಕಡೆ ರಿವೆಟ್ಟೇ ರಿವೆಟ್ಟು.

ನಾವೇ ನಿಧಾನ ಅಂತೇನಿಲ್ಲ. ಅಮೆರಿಕದ ಮೌಲ್ಟನ್ ಟೇಲರ್ ಅವರ ಏರೋಕಾರ್ 1949ರಲ್ಲೇ ಹಾರಿತ್ತು. ರಸ್ತೆಗಿಳಿದಾಗ ಅದು ತನ್ನ ರೆಕ್ಕೆಗಳನ್ನು ಟ್ರೈಲರಿನ ಹಾಗೆ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1956ರಲ್ಲಿ. ತಯಾರಾಗಿದ್ದು ಬೆರಳೆಣಿಕೆಯಷ್ಟೇ. ಸ್ಲೊವಾಕಿಯಾದ ಏರ್‌ಕಾರ್ ರೆಕ್ಕೆಯನ್ನು ತಾನೇ ಮಡಚಿಕೊಳ್ಳುತ್ತದೆ. ಅದು 2021ರಲ್ಲಿ ನಿತ್ರಾದಿಂದ ಬ್ರಾಟಿಸ್ಲಾವಾಕ್ಕೆ 35 ನಿಮಿಷ ಹಾರಿತು.

ನಮ್ಮದು ಸದ್ಯಕ್ಕೆ ಮರಳು ಚೀಲದ ಹಂತದಲ್ಲಿದೆ. ರೆಕ್ಕೆಯನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಬಿಗಿದು ಚೀಲ ಹೇರುತ್ತೇವೆ. ಹಾರುವಾಗ ಬಲ ಬರುವುದು ಕೆಳಗಿನಿಂದ ಅಲ್ವಾ, ಅದಕ್ಕೇ ತಲೆಕೆಳಗು. ಇದು ಪಾಸಾದ ಮೇಲೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಅನುಮತಿಯ ಓಡಾಟ.

"ಆಮೇಲೆ ಅತ್ತಿಬೆಲೆ ಜಾಮಿನಲ್ಲಿ ಸಿಕ್ಕಿಕೊಂಡ್ರೆ ಹಾಗೇ ಮೇಲೆದ್ದು ಹೋಗಬಹುದಾ?" ಅಂತಲೂ ಕೇಳುತ್ತಾರೆ. ಆಗಲ್ಲ. ರೆಕ್ಕೆಯ ಕಾರಿಗೆ ಓಡಿ ಏಳೋಕೆ ಕೆಲವು ನೂರು ಮೀಟರ್ ಖಾಲಿ ರನ್‌ವೇ ಬೇಕು. ಹೊಸೂರಿನವರು ಬೆಂಗಳೂರಿಗೆ ಹಾರಬೇಕಾದರೂ ಮೊದಲು ತಳಿ ಊರಿನ ರಸ್ತೆ ಹಿಡಿದು ಬೆಳಗೊಂಡಪಲ್ಲಿಗೆ ಹೋಗಬೇಕಾದೀತು, ಅದೂ ನೆಲದ ಮೇಲೆ.