ಅಘನಾಶಿನಿಯ ಕುರ್ವೆಗಳ ನಡುವೆ

ಶಿರಸಿಯ ಸುತ್ತಾಟವನ್ನು ಮುಗಿಸಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದ ಮೇಲೆ ಅಘನಾಶಿನಿಯ ಅಳಿವೆಯಲ್ಲಿ ಕಳೆದ ಒಂದು ಮುಂಜಾನೆಯೇ ಈ ಪ್ರವಾಸದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು. ಶಿರಸಿಯ ಬಳಿ ಹುಟ್ಟಿ, ಅಣೆಕಟ್ಟೆಯ ತಡೆಯಿಲ್ಲದೆ ಹರಿಯುವ ಈ ನದಿ ತದಡಿಯ ಸಮೀಪ ವಿಶಾಲವಾಗಿ ಹರಡಿಕೊಳ್ಳುತ್ತದೆ. ಐಗಳಕುರ್ವೆ, ಮಾಸೂರುಕುರ್ವೆ ಎಂಬ ನಡುಗಡ್ಡೆಗಳು ಇರುವುದು ಈ ಹರವಿನಲ್ಲಿಯೇ.

ನಾವು ತಂಗಿದ್ದ ವಸತಿಗೃಹದವರು ಇಳಿತದ ಹೊತ್ತನ್ನು ವಿಚಾರಿಸದೆ ದೋಣಿ ಗೊತ್ತುಮಾಡಿದ್ದರಿಂದ, ದೋಣಿ ಕೆಸರಿನಲ್ಲಿ ಕೂತು, ನೀರು ಏರುವವರೆಗೆ ಬಿಸಿಲಿನಲ್ಲಿ ಕಾಯಬೇಕಾಯಿತು. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಹೋಗುವವರು ಆಯಾ ದಿನದ ಹೊತ್ತನ್ನು ದೋಣಿಯವರಿಂದಲೇ ಕೇಳಿ ತಿಳಿದು ಹೊರಡುವುದು ಒಳ್ಳೆಯದು.

ಕಾಯುತ್ತ ಕುಳಿತಾಗ ದೋಣಿ ನಡೆಸುತ್ತಿದ್ದ ಹಿರಿಯರನ್ನು, "ಅಜ್ಜಾ, ಆ ದ್ವೀಪದಲ್ಲಿ ಮನೆಗಳಿವೆಯೇ?" ಎಂದು ಕೇಳಿದೆ.

"ದ್ವೀಪ ಇರೂದು ಸಮುದ್ರದಲ್ಲಿ ತಮ್ಮಾ. ಇದು ಕುರ್ವೆ, ಹೊಳೆ ಮಣ್ಣು ತಂದು ಹಾಕಿದ ಜಾಗ" ಎಂದರು.

"ಹಾಕಿದ ಹೊಳೆಯೇ ಮತ್ತೆ ಒಯ್ದರೆ?"

"ಒಯ್ಯೂದೂ ಉಂಟು. ಅದಕ್ಕೇ ಒಡ್ಡು ಕಟ್ಟೂದು."

ಅವರು ಮಾಡಿದ ಭೇದ ನನಗೆ ಬಹಳ ಹಿಡಿಸಿತು. ಸಂಸ್ಕೃತದ 'ದ್ವೀಪ'ವು 'ದ್ವಿ' ಮತ್ತು 'ಅಪ್' ಸೇರಿ ಆದದ್ದು. ಎರಡು ಬದಿಯಲ್ಲಿಯೂ ನೀರುಳ್ಳದ್ದು ಎಂಬುದು ಅದರ ಮೂಲಾರ್ಥ. ಅದು ಲಂಕೆಗೂ ಸಲ್ಲುತ್ತದೆ, ಲಕ್ಷದ್ವೀಪಕ್ಕೂ ಸಲ್ಲುತ್ತದೆ. ಕುರ್ವೆಯ ಹಿಂದಿರುವುದಾದರೋ ಹಳಗನ್ನಡದ 'ಕುಱುವ'. ಕೃಷ್ಣೆಯ ನಡುಗಡ್ಡೆಯಾದ ದತ್ತಕ್ಷೇತ್ರ ಕುರುವಪುರದಲ್ಲಿಯೂ, ವಯನಾಡಿನಲ್ಲಿ ಕಬಿನಿಯ ನಡುವಿರುವ ಕುರುವಾದಲ್ಲಿಯೂ ಅದೇ ಹೆಸರು ಕೇಳಿಸುತ್ತದೆ. ತುಳುನಾಡಿನವರು ಇಂತಹ ನೆಲವನ್ನು ಕುದ್ರು ಎನ್ನುತ್ತಾರೆ.

ಅಜ್ಜ ಹೇಳಿದ ಮಣ್ಣಿನ ಮಾತೂ ನಿಜ. ಮಳೆಗಾಲದಲ್ಲಿ ಘಟ್ಟದಿಂದ ಕೊಚ್ಚಿಬರುವ ನೀರಿಗೆ ಉಬ್ಬರವು ಎದುರಾಗಿ ಹರಿವು ನಿಧಾನವಾದಾಗ ಅದರಲ್ಲಿನ ಮಣ್ಣು ತಳಕ್ಕಿಳಿಯುತ್ತದೆ; ಉಪ್ಪುನೀರು ತಗುಲಿದರೆ ಜೇಡಿಯ ನುಣುಪಾದ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ಇನ್ನೂ ಬೇಗ ಕೂರುತ್ತವೆ. ಹೀಗೆ ಮೇಲೆದ್ದ ದಿಬ್ಬದ ಅಂಚನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಹಿಡಿದಿಡುತ್ತವೆ. ನೀರೇರಿ ದೋಣಿ ತೇಲಿದ ಮೇಲೆ ಗಜನಿಯ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಬಯಲಿನ, ಒಡ್ಡಿನ ಪಕ್ಕದಲ್ಲೇ ಸಾಗಿದೆವು. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ತಲೆಮಾರುಗಳಿಂದ ಬೆಳೆದ ಭೂಮಿ ಅದು.

ಮರುದಿನ ಹೊನ್ನಾವರದಲ್ಲಿ ಶರಾವತಿಯ ಮಾವಿನಕುರ್ವೆಯನ್ನು ಕಂಡೆ. ಅದನ್ನು 'ಮಾವಿನಕುರ್ವೆ ದ್ವೀಪ' ಎಂದು ಕರೆಯುವುದು ನನಗೆ ಒಪ್ಪಿಗೆಯಾಗಲಿಲ್ಲ; ಕುರ್ವೆ ಎಂದ ಮೇಲೆ ದ್ವೀಪವೆಂದು ಮತ್ತೆ ಹೇಳಬೇಕಾಗಿಲ್ಲ.