ತರಫ್‌ದಾರರ ಜಾಡು ಹಿಡಿದು: ಕಲಬುರಗಿಯಿಂದ ಬೀದರಿಗೆ

ಬಹಮನಿ ಊರುಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಸುಲ್ತಾನರ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಬರೋಬ್ಬರಿ ಹದಿನೆಂಟು ಹೆಸರು. ಮಹಮ್ಮದ್ ಯಾರು, ಮಹಮೂದ್ ಯಾರು, ಎಷ್ಟನೆಯ ಅಹ್ಮದ್ ಎಂಬಲ್ಲಿಯೇ ತಲೆ ಕೆಡುತ್ತದೆ. ಈ ಹಾದಿಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಒಂದು ಹುದ್ದೆ: ತರಫ್‌ದಾರ. ತರಫ್ ಎಂದರೆ ಪ್ರಾಂತ. ಅದರ ಕಂದಾಯ ವಸೂಲಿ, ಸೈನ್ಯ ಕಟ್ಟುವುದು, ಕೋಟೆಗಳಿಗೆ ಕಿಲ್ಲೇದಾರರನ್ನು ಇಡುವುದು ಎಲ್ಲವೂ ತರಫ್‌ದಾರನ ಕೈಯಲ್ಲಿ. ಬಹಮನಿ ರಾಜ್ಯ ಬೆಳೆದದ್ದೂ ಒಡೆದದ್ದೂ ಈ ಹುದ್ದೆಯ ಮೇಲೆಯೇ.

ಕಲಬುರಗಿ ಕೋಟೆಗೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು, ಬಿಸಿಲೇರಿದ ಮೇಲೆ ಕಲ್ಲು ಕಾಲಿಡಗೊಡುವುದಿಲ್ಲ. ಒಳಗಿನ ಜಾಮಿ ಮಸೀದಿ 1367ರದು. ತೆರೆದ ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಮಾಡು ಹಾಕಿರುವುದು ಇದರ ವಿಶೇಷ. ಕಟ್ಟಿಸಿದ ಒಂದನೆಯ ಮಹಮ್ಮದ್ ಷಾ (1358–75) ರಾಜ್ಯವನ್ನು ನಾಲ್ಕು ತರಫ್‌ಗಳಾಗಿ ಗಟ್ಟಿಗೊಳಿಸಿದವನೂ ಹೌದು. ನಾಲ್ವರು ತರಫ್‌ದಾರರಿಗೂ ಬೇರೆ ಬೇರೆ ಬಿರುದು. ದೌಲತಾಬಾದಿನವನು ಮಸ್ನದ್-ಇ-ಆಲಿ, ಬೇರಾರಿನವನು ಮಜ್ಲಿಸ್-ಇ-ಆಲಿ, ತೆಲಂಗಾಣವೂ ಸೇರಿದ ಬೀದರಿನವನು ಆಜಮ್-ಇ-ಹುಮಾಯೂನ್, ಕಲಬುರಗಿಯವನು ಮಲಿಕ್ ನಾಯಬ್. ನಾಯಬ್ ಎಂದರೆ ಪ್ರತಿನಿಧಿ. ರಾಜಧಾನಿ ಇದ್ದ ತರಫ್ ಆದ್ದರಿಂದ ಸುಲ್ತಾನನ ನಂಬಿಕೆಯ ಮನುಷ್ಯನೇ ಅಲ್ಲಿರಬೇಕಿತ್ತು. ಊರಿನ ಹಫ್ತ್ ಗುಂಬಜ್ ಗೋರಿಗಳಿಗೆ ಒಂದು ಗಂಟೆ ಸಾಕು.

ಬೀದರಿಗೆ ಬಸ್ಸೂ ಉಂಟು, 2017ರಲ್ಲಿ ಶುರುವಾದ ಹುಮನಾಬಾದ್ ಮಾರ್ಗದ ರೈಲೂ ಉಂಟು. ದಾರಿಯಲ್ಲಿ ಎರೆಮಣ್ಣು ಮುಗಿದು ಕೆಂಪು ಜಂಬಿಟ್ಟಿಗೆ ನೆಲ ಶುರುವಾಗುವುದನ್ನು ಗಮನಿಸಿ. ಬೀದರ್ ಕೋಟೆಯ ಒಂದು ಭಾಗದಲ್ಲಿರುವ ಮೂರು ಸುತ್ತಿನ ಕಂದಕವನ್ನು ಇದೇ ಕಲ್ಲಿನಲ್ಲಿ ಕಡಿದಿದ್ದಾರೆ. ನಡುವಿನ ಗೋಡೆಗಳು ಕಟ್ಟಿದವಲ್ಲ, ಕಡಿಯುವಾಗ ಬಿಟ್ಟ ಬಂಡೆ.

ಕೋಟೆಯೊಳಗೆ ರಂಗೀನ್ ಮಹಲಿಗೆ ಹೆಚ್ಚಾಗಿ ಬೀಗವಿರುತ್ತದೆ. ಪುರಾತತ್ವ ಇಲಾಖೆಯ ಕಾವಲುಗಾರರನ್ನು ಮೊದಲೇ ಕೇಳಿಕೊಂಡರೆ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡಲು ಸಿಗುತ್ತದೆ. ಆದರೆ ತರಫ್‌ದಾರರ ಕತೆಗೆ ಬೇಕಾದ ಕಟ್ಟಡ ಕೋಟೆಯ ಹೊರಗೆ, ಹಳೆಯ ಪೇಟೆಯ ನಡುವೆ ಇದೆ: 1472ರ ಮಹಮೂದ್ ಗವಾನ್ ಮದರಸಾ. ಉಳಿದಿರುವ ಒಂದು ಮಿನಾರಿನ ಹತ್ತಿರ ನಿಂತು ನೋಡಿ, ಹೆಂಚಿನ ತುಂಡುಗಳು ಅಂಕುಡೊಂಕು ಪಟ್ಟೆಗಳಾಗಿ ಮೇಲೇರುತ್ತವೆ. ಕೆಲವೆಡೆ ನೀಲಿ ಬಣ್ಣ ಇನ್ನೂ ಹೊಳೆಯುತ್ತದೆ, ಕೆಲವೆಡೆ ಬರೀ ಗಾರೆ. ಒಂದು ಪಾರ್ಶ್ವವನ್ನು 1696ರ ಮದ್ದಿನ ಸ್ಫೋಟ ಹಾರಿಸಿಬಿಟ್ಟಿತು.

ಇರಾನಿನ ಗೀಲಾನಿನಿಂದ ಬಂದ ಗವಾನ್ ವಜೀರನಾಗಿದ್ದಾಗ ರಾಜ್ಯ ಕಡಲಿಂದ ಕಡಲಿಗೆ ಹಬ್ಬಿತು, ತರಫ್ ಮಾತ್ರ ನಾಲ್ಕೇ. ಒಬ್ಬೊಬ್ಬ ತರಫ್‌ದಾರನೂ ಒಂದೊಂದು ರಾಜ್ಯದಷ್ಟು ನೆಲದ ಒಡೆಯ. ಗವಾನ್ ನಾಲ್ಕನ್ನು ಎಂಟು ಮಾಡಿದ. ಬೇರಾರ್ ಒಡೆದು ಗಾವಿಲ್ ಮತ್ತು ಮಾಹೂರ್, ದೌಲತಾಬಾದಿನಿಂದ ಜುನ್ನರ್ ಬೇರೆ, ಕಲಬುರಗಿಯಿಂದ ಬಿಜಾಪುರ ಬೇರೆ, ತೆಲಂಗಾಣದಲ್ಲಿ ವಾರಂಗಲ್ ಮತ್ತು ರಾಜಮಹೇಂದ್ರಿ. ಪ್ರತಿ ತರಫ್‌ನಲ್ಲೂ ಕೆಲವು ಪರಗಣೆಗಳನ್ನು ಸುಲ್ತಾನನ ಖಾಸಾ ಜಮೀನೆಂದು ಕಿತ್ತುಕೊಂಡ. ತರಫ್‌ದಾರನಿಗೆ ಒಂದೇ ಕೋಟೆ, ಮಿಕ್ಕವಕ್ಕೆ ಆಗ ರಾಜಧಾನಿಯಾಗಿದ್ದ ಬೀದರಿನಿಂದಲೇ ಕಿಲ್ಲೇದಾರರ ನೇಮಕ. ಪಾರಸಿ ಬಖೈರುಗಳ ಪ್ರಕಾರ 500 ಸವಾರರ ಸರದಾರನ ವರ್ಷದ ಸಂಬಳ 1 ಲಕ್ಷ ಹೊನ್ನಿನಿಂದ 1.25 ಲಕ್ಷಕ್ಕೆ ಏರಿತು. ಆದರೆ ಸವಾರರ ಲೆಕ್ಕದಲ್ಲಿ ಒಬ್ಬ ಕಡಿಮೆಯಾದರೂ ಅಷ್ಟು ದುಡ್ಡು ಕಡಿತ. ಸಂಬಳ ಏರಿಸಿ ಕೋಟೆ ಕಸಿಯುವ ಈ ಜಾಣತನ ಸರದಾರರಿಗೆ ಅರ್ಥವಾಗದೆ ಇರಲಿಲ್ಲ.

ಗವಾನನ ಮೊಹರು ಇಟ್ಟುಕೊಳ್ಳುವವನನ್ನು ಒಳಹಾಕಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ಗಜಪತಿಗೆ ದಂಡೆತ್ತಿ ಬರಲು ಕರೆಯುವ ಪತ್ರ ಬರೆದು ಸುಲ್ತಾನ ಮೂರನೆಯ ಮಹಮ್ಮದ್ ಷಾನ ಮುಂದಿಟ್ಟರು. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ವಜೀರನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ. ಗವಾನನ ಗೋರಿ ಊರಿನ ದಕ್ಷಿಣಕ್ಕೆ ಬಯಲಿನಲ್ಲಿದೆ, ಗುಮ್ಮಟವಿಲ್ಲ. ಆಟೋದವರಿಗೆ ಮದರಸಾ ಎಂದು ಬಿಡಿಸಿ ಹೇಳದೆ ಬರೀ ಗವಾನ್ ಎಂದರೆ ಎರಡರಲ್ಲಿ ಯಾವುದಕ್ಕಾದರೂ ಕರೆದೊಯ್ಯಬಹುದು.

ಊರಿನ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದ ಅಷ್ಟೂರಿನಲ್ಲಿ ಸುಲ್ತಾನರ ಗೋರಿಗಳಿವೆ. ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೆ ಬಣ್ಣದ ಚಿತ್ತಾರ ನೋಡಲು ಟಾರ್ಚ್ ಒಯ್ಯಲೇಬೇಕು. ಈತನ ಉರುಸಿಗೆ ಕಲಬುರಗಿ ಸೀಮೆಯಿಂದ ಜಂಗಮರು ಬರುವ ವಾಡಿಕೆ ಇಂದಿಗೂ ಇದೆ. ಹುಮಾಯೂನನ ಗುಮ್ಮಟ ಸಿಡಿಲು ಬಡಿದು ಅರ್ಧ ಸೀಳಿದೆ.

ಗವಾನ್ ಹೋದ ಮೇಲೆ ಹತ್ತು ವರ್ಷವೂ ರಾಜ್ಯ ಹಿಡಿತದಲ್ಲಿ ಉಳಿಯಲಿಲ್ಲ. ಬಿಜಾಪುರದ ಯೂಸುಫ್ ಆದಿಲ್ ಖಾನ್, ಜುನ್ನರಿನ ಅಹ್ಮದ್ ನಿಜಾಮ್-ಉಲ್-ಮುಲ್ಕ್, ಬೇರಾರಿನ ಫತುಲ್ಲಾ ಇಮಾದ್-ಉಲ್-ಮುಲ್ಕ್, ಆಮೇಲೆ ತೆಲಂಗಾಣದ ಕುತುಬ್-ಉಲ್-ಮುಲ್ಕ್. ಸುಲ್ತಾನ ಕೊಟ್ಟ ಬಿರುದುಗಳೇ ಆದಿಲ್‌ಶಾಹಿ, ನಿಜಾಮ್‌ಶಾಹಿ, ಇಮಾದ್‌ಶಾಹಿ, ಕುತುಬ್‌ಶಾಹಿ ಎಂದು ರಾಜವಂಶಗಳ ಹೆಸರಾದವು. ಬೀದರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಕೋಟೆಯ ಶರ್ಜಾ ದರವಾಜೆಯ 1503ರ ಶಾಸನ ಸುಲ್ತಾನ ಮಹಮೂದನ ಕಾಲದ್ದು. ಆಗ ಆಡಳಿತ ಪೂರಾ ಮಂತ್ರಿ ಕಾಸಿಮ್ ಬರೀದನ ಮುಷ್ಟಿಯಲ್ಲಿತ್ತು. ಅವನಾಗಲಿ ಮಗ ಅಮೀರ್ ಬರೀದನಾಗಲಿ ಷಾ ಎನ್ನಿಸಿಕೊಳ್ಳಲಿಲ್ಲ, ಮೊಮ್ಮಗ ಅಲಿ ಬರೀದ್ ಎನ್ನಿಸಿಕೊಂಡ. ಊರಿನ ಪಶ್ಚಿಮಕ್ಕಿರುವ ಅವನ ಗೋರಿ ನಾಲ್ಕೂ ಕಡೆ ತೆರೆದ ಕಮಾನಿನದು. ಸಂಜೆಯ ಬೆಳಕು ನೇರ ಒಳಗೆ ಬರುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಿಕ್ಕ ತರಫ್‌ಗಳನ್ನೂ ನೋಡುವ ಆಸೆಯಿದ್ದರೆ ಬೀದರಿನಿಂದ ಗೋಲ್ಕೊಂಡ ಹತ್ತಿರ, ಒಂದೇ ದಿನದಲ್ಲಿ ಹೋಗಿ ಬರಬಹುದು. ವಿಜಯಪುರಕ್ಕೆ ಎರಡು ದಿನ ಬೇಕು. ಗಾವಿಲಗಡ ಅಮರಾವತಿಯ ಆಚೆ ಚಿಖಲ್ದರಾ ಬೆಟ್ಟದ ಮೇಲಿದೆ, ಅದನ್ನು ಬೇರೆ ಪ್ರವಾಸವಾಗಿಯೇ ಹಾಕಿಕೊಳ್ಳಬೇಕು.