ಮುಟ್ಟಿನ ಪಾಠ ಮುಟ್ಟಿಗೆ ಮೊದಲೇ ಶುರುವಾಗಲಿ

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇದ್ದು ಕಲಿಕೆಯನ್ನು ನಿಧಾನ ಮಾಡುವ ಸ್ಥಿತಿ) ಇರುವ ಮಗಳು ಮೈನೆರೆಯುವುದು ತಡ ಅಂತ ಬಹಳ ಮನೆಗಳಲ್ಲಿ ನಂಬಿಕೊಂಡಿರುತ್ತಾರೆ. ಹಾಗೇನಿಲ್ಲ. ಮಾತು, ಓದು ನಿಧಾನವಾದರೂ ಮೈ ತನ್ನ ಕಾಲಕ್ಕೇ ಬೆಳೆಯುತ್ತದೆ. ಹೆಚ್ಚಿನವರು ಓರಗೆಯ ಹುಡುಗಿಯರ ಹಾಗೇ 11ರಿಂದ 14ರೊಳಗೆ ಮುಟ್ಟಾಗುತ್ತಾರೆ. ಪ್ಯಾಡ್ ಹಾಕಿಕೊಳ್ಳುವುದನ್ನು ಕಲಿಯಲು ಮಾತ್ರ ತಿಂಗಳುಗಟ್ಟಲೆ ಬೇಕು. ಎದೆ ಉಬ್ಬುವುದು ಕಂಡ ಕೂಡಲೇ ಶುರುಮಾಡಿ. ಅಲ್ಲಿಂದ ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷವಾದರೂ ಸಿಗುತ್ತದೆ.

ಮೊದಲು ಒಣ ಪ್ಯಾಡ್, ದಿನಕ್ಕೆ ಅರ್ಧ ಗಂಟೆ. ಚಡ್ಡಿಯೊಳಗೆ ಪ್ಯಾಡ್ ಇಟ್ಟು ಅದರ ಸುತ್ತ ಬಟ್ಟೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಗೆರೆಯೊಳಗೆ ಕೂರಿಸುವುದು ಅವಳ ಕೆಲಸ. ಈ ಮಕ್ಕಳ ಬೆರಳು ಗಿಡ್ಡ, ಸ್ನಾಯು ಸಡಿಲ. ಅಂಟಿನ ಮೇಲಿನ ಕಾಗದ ಸುಲಿಯುವಾಗಲೇ ಸಾಕಾಗಿ ಹೋಗುತ್ತದೆ. ಅದರ ಒಂದು ತುದಿಯನ್ನು ನೀವೇ ಎಬ್ಬಿಸಿ ಮಡಚಿಡಿ. ರೆಕ್ಕೆಯ ಪ್ಯಾಡ್ ಈಗಲೇ ಬೇಡ, ರೆಕ್ಕೆಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಕೆಲವರು ಅಂಟಿನ ಬದಿಯನ್ನು ಮೇಲೆ ಮಾಡಿ ಹಾಕಿಕೊಳ್ಳುತ್ತಾರೆ. ಗದರಬೇಡಿ. "ಅಂಟು ಚಡ್ಡಿಗೆ, ಮೆತ್ತಗಿರೋದು ಮೈಗೆ" ಅಂತ ಪ್ರತಿ ಸಲ ಅದೇ ಮಾತು ಹೇಳಿ, ಮಾತು ಬದಲಾದರೆ ಗೊಂದಲವಾಗುತ್ತದೆ.

ಇದು ರೂಢಿಯಾದ ಮೇಲೆ ಪ್ಯಾಡಿಗೆ ಒಂದೆರಡು ಚಮಚ ಬೀಟ್‌ರೂಟ್ ರಸ ಹಾಕಿ ತೋರಿಸಿ. ತೆಗೆ, ಕಾಗದದಲ್ಲಿ ಸುತ್ತು, ಬುಟ್ಟಿಗೆ ಹಾಕು, ಮುಂದಿನಿಂದ ಹಿಂದಕ್ಕೆ ಒರೆಸಿಕೋ, ಹೊಸದು ಹಾಕು, ಸೋಪಿನಲ್ಲಿ ಕೈ ತೊಳೆ. ಈ ಆರು ಚಿತ್ರಗಳು ಬಚ್ಚಲ ಗೋಡೆಯ ಮೇಲೆ ಅವಳ ಕಣ್ಣಿನ ಎತ್ತರಕ್ಕಿರಲಿ. "ಒದ್ದೆ ಅನ್ನಿಸಿದಾಗ ಬದಲಿಸು" ಅನ್ನುವುದು ಕೆಲಸ ಮಾಡುವುದಿಲ್ಲ. ಎದ್ದಾಗ, ಶಾಲೆಯಲ್ಲಿ ಊಟದ ಬೆಲ್ಲಾದಾಗ, ಮನೆಗೆ ಬಂದ ಕೂಡಲೇ, ಮಲಗುವ ಮುಂಚೆ, ಹೀಗೆ ಗೊತ್ತಿರುವ ಹೊತ್ತುಗಳಿಗೆ ಕಟ್ಟಿಹಾಕಿ.

ಮುಟ್ಟಾದವಳನ್ನು ಹೊರಗೆ ಕೂರಿಸುವ ಪದ್ಧತಿ ಮನೆಯಲ್ಲಿದ್ದರೆ ದಯವಿಟ್ಟು ಬಿಡಿ. ತಾನು ಏನೋ ತಪ್ಪು ಮಾಡಿದ್ದಕ್ಕೆ ಶಿಕ್ಷೆ ಅಂದುಕೊಂಡು ಮುಂದಿನ ತಿಂಗಳು ಬಟ್ಟೆ ಬಚ್ಚಿಡುತ್ತಾಳೆ.

ಹೊಟ್ಟೆನೋವನ್ನು ಅವಳು ಬಾಯಿಬಿಟ್ಟು ಹೇಳದೇ ಇರಬಹುದು. ಊಟ ಬೇಡ ಅನ್ನುವುದು, ಮಂಕಾಗಿ ಮೂಲೆ ಹಿಡಿಯುವುದು, ಹಠ, ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ಮೂರು ತಿಂಗಳಲ್ಲಿ ಮುಟ್ಟಿನ ದಿನಗಳಿಗೆ ತಾಳೆಯಾಗುವುದು ಕಾಣುತ್ತದೆ, ಆಗ ವೈದ್ಯರಿಗೆ ತೋರಿಸಿ. ಸ್ರಾವ ಹೆಚ್ಚಿದ್ದರೆ, ದಿನ ಏರುಪೇರಾದರೆ ಮೊದಲು ಥೈರಾಯ್ಡ್ ಪರೀಕ್ಷೆ. ಡೌನ್ ಸಿಂಡ್ರೋಮ್‌ನಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವುದು ಸಾಮಾನ್ಯ. ವರ್ಷಕ್ಕೊಮ್ಮೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಹೇಗೂ ಮಾಡಿಸಲೇಬೇಕು.

"ಇದೆಲ್ಲ ಯಾಕೆ, ಗರ್ಭಕೋಶ ತೆಗೆಸಿಬಿಡಿ" ಅನ್ನುವವರು ಈಗಲೂ ಸಿಗುತ್ತಾರೆ. ಸ್ವಚ್ಛತೆಯ ಸಲುವಾಗಿ ಇಂಥ ದೊಡ್ಡ ಶಸ್ತ್ರಚಿಕಿತ್ಸೆ ಬೇಡವೇ ಬೇಡ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಅವರ ಸ್ವಂತ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆ ಮಾಡಬಾರದು ಅನ್ನುತ್ತದೆ. ಅದೂ ಅಲ್ಲದೆ, ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಯಾರಾದರೂ ಅವಳ ಮೇಲೆ ಕೈಹಾಕುವ ಅಪಾಯ ನಿಲ್ಲುವುದಿಲ್ಲ.

ಅದಕ್ಕೆ ಬೇಕಾದದ್ದು ಬೇರೆ ಪಾಠ. ಅಂಗಗಳ ನಿಜವಾದ ಹೆಸರು ಕಲಿಸಿ, ಹೆಸರು ಗೊತ್ತಿಲ್ಲದ ಜಾಗದಲ್ಲಿ ನಡೆದದ್ದನ್ನು ಮಗು ಹೇಳಲಾರದು. ತಬ್ಬಿಕೊಳ್ಳುವುದು ಮನೆಯವರನ್ನು, ಉಳಿದವರಿಗೆ ನಮಸ್ಕಾರ. ಹುಡುಗರಿಗೂ ಇದೇ ನಿಯಮ. ಮದುವೆಮನೆಯಲ್ಲಿ ಮಾವನೊಬ್ಬರು ಕೆನ್ನೆ ಹಿಂಡಲು ಬಂದಾಗ ಅವಳು "ಬೇಡ" ಅಂದರೆ, ಆ ಮಾವನ ಎದುರಿಗೇ ನೀವು ಅವಳ ಪರ ನಿಲ್ಲಿ.